ಸೆಪ್ಟೆಂಬರ್ 17: ಬಿಡುಗಡೆ ಯಾರಿಂದ?

ಪ್ರಭುತ್ವಕ್ಕೂ ಒಂದು ಧರ್ಮ ಬೇಕೆಂದು ರೂಸೋ 1762ರ ತನ್ನ 'ಸಾಮಾಜಿಕ ಒಡಂಬಡಿಕೆ'ಯ ಕೊನೆಯಲ್ಲಿ ವಾದಿಸಿದ. ಅದು ಗುಡಿ, ಮಸೀದಿ, ಇಗರ್ಜಿಗಳ ಧರ್ಮವಲ್ಲ. ಜನರನ್ನು ಒಟ್ಟಿಗೆ ಬಾಳಿಸುವ ನಾಗರಿಕ ಧರ್ಮ. ಅದರ ಕಟ್ಟಳೆಗಳು ಕೆಲವೇ ಇರಬೇಕು, ಅಸಹಿಷ್ಣುತೆಗೆ ಎಡೆಯಿರಬಾರದು ಎಂದ ಅವನೇ, ಅದನ್ನು ಒಪ್ಪದವನನ್ನು ಗಡೀಪಾರು ಮಾಡಬಹುದೆಂದೂ ಬರೆದ. ಕಚೇರಿಯ ಅಂಗಳದಲ್ಲಿ ಧ್ವಜಕ್ಕೆ ವಂದಿಸುವ ನಾವೆಲ್ಲ ಈ ಧರ್ಮದ ಅನುಯಾಯಿಗಳೇ. ಅದರ ಎರಡು ಮುಖಗಳನ್ನೂ ಹೈದರಾಬಾದಿನಲ್ಲಿ ಪ್ರತಿ ಸೆಪ್ಟೆಂಬರ್ 17ರಂದು ಕಾಣುತ್ತೇವೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಈ ಒಂದೇ ದಿನವನ್ನು ಕೇಂದ್ರ ಸರ್ಕಾರ 2022ರಿಂದ 'ಹೈದರಾಬಾದ್ ವಿಮೋಚನಾ ದಿನ'ವೆಂದು ಆಚರಿಸುತ್ತಿದೆ. ಅದೇ ವರ್ಷ ತೆಲಂಗಾಣ ಸರ್ಕಾರ 'ರಾಷ್ಟ್ರೀಯ ಏಕತಾ ದಿನ'ವೆಂದಿತು. 2024ರಲ್ಲಿ ಬಂದ ಹೊಸ ಹೆಸರು 'ಪ್ರಜಾ ಪಾಲನಾ ದಿನೋತ್ಸವ'. ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಅದು 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ'.

ಹೆಸರುಗಳ ಈ ಜಗ್ಗಾಟದ ಹಿಂದಿರುವ ಪ್ರಶ್ನೆ ಒಂದೇ: ಬಿಡುಗಡೆ ಯಾರಿಂದ? ನಿರಂಕುಶ ಆಳ್ವಿಕೆಯಿಂದ, ರಜಾಕಾರರಿಂದ ಎಂದರೆ ಆ ದಿನ ಎಲ್ಲರದೂ ಆಗುತ್ತದೆ. ಒಂದು ಸಮುದಾಯದಿಂದ ಎಂದರೆ ಆಚರಣೆಯೇ ಗಡೀಪಾರಿನ ಆಜ್ಞೆಯಾಗುತ್ತದೆ. ಭಾರತದೊಡನೆ ವಿಲೀನವಾಗಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟ್‌ನಲ್ಲಿ ಇದೇ ನಗರದಲ್ಲಿ ಕೊಲೆಯಾದ ಉರ್ದು ಪತ್ರಕರ್ತ ಶೋಯೆಬುಲ್ಲಾ ಖಾನ್ ಮುಸಲ್ಮಾನರೇ ಅಲ್ಲವೇ?

ಹಳೆಯ ಗಾಯ ಕೆದಕುವುದೇಕೆ, ಮೆತ್ತನೆಯ ಹೆಸರೊಂದು ಸಾಕು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರಿಗೆ ಬಲಿಯಾದವರನ್ನು ಮರೆಯುವುದು ಅನ್ಯಾಯ. ಹಾಗೆಯೇ ಸೇನಾ ಕಾರ್ಯಾಚರಣೆಯ ನಂತರ ಪ್ರತೀಕಾರಕ್ಕೆ ತುತ್ತಾದ ಮುಸಲ್ಮಾನರನ್ನು ಮರೆಯುವುದೂ ಅನ್ಯಾಯ. ಆ ಹಿಂಸೆಯನ್ನು ಕುರಿತು ಪಂಡಿತ್ ಸುಂದರಲಾಲ್ ಸಮಿತಿ ಕೊಟ್ಟ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಕೆಲವರ ಸಾವಿಗೆ ಮಾತ್ರ ಕಣ್ಣೀರಿಡುವ ನಾಗರಿಕ ಧರ್ಮ, ಧರ್ಮವೆನಿಸದು, ಪಕ್ಷವೆನಿಸುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ 1967ರ ಪ್ರಬಂಧದಲ್ಲಿ ಇದೇ ವಿವೇಕವನ್ನು ಎತ್ತಿ ಹಿಡಿದರು: ನಾಗರಿಕ ಧರ್ಮವು ರಾಷ್ಟ್ರದ ಆತ್ಮಪೂಜೆಯಲ್ಲ, ರಾಷ್ಟ್ರವನ್ನು ಅದಕ್ಕಿಂತ ದೊಡ್ಡದಾದ ಮೌಲ್ಯದ ಮುಂದೆ ನಿಲ್ಲಿಸುವ ಬಗೆ. ನಮ್ಮಲ್ಲಿ ಆ ಮೌಲ್ಯ ಸಂವಿಧಾನದಲ್ಲಿದೆ. ಶರಣಾದ ನಿಜಾಮರನ್ನೇ ಗಣರಾಜ್ಯವು 1950ರಿಂದ 1956ರವರೆಗೆ ರಾಜಪ್ರಮುಖರನ್ನಾಗಿ ಇರಿಸಿಕೊಂಡಿತು; ಸೇಡು ಅದರ ತಳಹದಿಯಾಗಿರಲಿಲ್ಲ. ಸೆಪ್ಟೆಂಬರ್ 17 ಒಬ್ಬ ಅರಸನ ಆಳ್ವಿಕೆಯನ್ನು ಮುಗಿಸಿತು. ಅವನ ಪ್ರಜೆಗಳನ್ನು ನಾಗರಿಕರನ್ನಾಗಿ ಮಾಡಿದ್ದು 1950ರ ಜನವರಿ 26.

ಆದ್ದರಿಂದ ಹೆಸರು ಯಾವುದೇ ಇರಲಿ, ಆ ದಿನ ಎರಡು ಕೆಲಸಗಳು ನಡೆಯಲಿ: ಎರಡೂ ಕಡೆಯ ಮೃತರಿಗೆ ಒಂದೇ ಮೌನ, ಬಳಿಕ ಸಂವಿಧಾನದ ಪ್ರಸ್ತಾವನೆಯ ವಾಚನ. ಹೈದರಾಬಾದಿನ ಕನ್ನಡಿಗರಾದ ನಮ್ಮಲ್ಲಿ ಅನೇಕರು ಆ ಹಳೆಯ ಸಂಸ್ಥಾನದ ಜಿಲ್ಲೆಗಳಿಂದಲೇ ಬಂದವರು. ಸರ್ಕಾರಗಳು ಒಪ್ಪಲೆಂದು ಕಾಯದೆ ನಮ್ಮ ಸಂಘಗಳಲ್ಲೇ ಇದನ್ನು ಆರಂಭಿಸಬಹುದು.