ಕಂಪ್ಯೂಟರಿನ ಕುಲವಿಚಾರ

ಮೊಮ್ಮಗಳ ವ್ಯಾಸಂಗಕ್ಕಾಗಿ ಮೇಜಿನ ಮೇಲಿಡುವ ಕಂಪ್ಯೂಟರೊಂದನ್ನು ಕೊಳ್ಳಬೇಕೆಂದಿರುವ ಮಿತ್ರರೊಬ್ಬರು, ಯಾವ ಕಂಪೆನಿಯದು ನಂಬತಕ್ಕದ್ದೆಂದು ನಮ್ಮನ್ನು ಕೇಳಿರುವರು. ನಾವೂ ಒಮ್ಮೆ ಹೆಸರನ್ನೇ ನಂಬಿ ಯಂತ್ರವನ್ನು ತಂದವರು. ಎರಡನೆಯ ಮಳೆಗಾಲದ ಒಂದು ಸಂಜೆ, ಕರೆಂಟು ಹೋಗಿ ಬಂದೊಡನೆಯೇ ಅದರ ಪವರ್ ಸಪ್ಲೈ ಸುಟ್ಟಿತು. ಹಾರ್ಡ್ ಡಿಸ್ಕೂ ಕೆಟ್ಟಿತು. ಅಮರಕೋಶಕ್ಕೆ ನಮ್ಮ ತೀರ್ಥರೂಪರು ಬರೆದಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ನಾವು ಅದರಲ್ಲಿಯೇ ಬೆರಳಚ್ಚು ಮಾಡಿದ್ದೆವು. ಗೆದ್ದಲು ತಿಂದ ಮೂಲಪ್ರತಿಯನ್ನು ಅಷ್ಟರಲ್ಲಿ ಹೊಳೆಗೆ ಬಿಟ್ಟೂ ಆಗಿದ್ದಿತು. ಕಂಪೆನಿಯವರು ಕೆಟ್ಟ ಭಾಗಗಳನ್ನು ಬದಲಾಯಿಸಿಕೊಟ್ಟರು. ಟಿಪ್ಪಣಿಗಳನ್ನು ಕೊಡುವುದು ಯಾರಿಂದ ಸಾಧ್ಯ?

ಹೊರಪೆಟ್ಟಿಗೆಯ ಹೆಸರು ಯಾವುದೇ ಆಗಿರಲಿ, ಒಳಗಿನ ಪ್ರೊಸೆಸರು ಬಹುಮಟ್ಟಿಗೆ ಇಂಟೆಲ್ ಅಥವಾ ಎಎಂಡಿಯವರದು. ಹಾರ್ಡ್ ಡಿಸ್ಕು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಈ ಮೂವರಲ್ಲೊಬ್ಬರದು. ಹೆಸರಾದರೂ ಸ್ಥಿರವೇ? ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯೊಳಗೆ ಲೀನವಾಯಿತು. ಐಬಿಎಂನವರ ಪರ್ಸನಲ್ ಕಂಪ್ಯೂಟರ್ ವ್ಯಾಪಾರವು 2005ರಲ್ಲಿ ಲೆನೊವೊ ಕಂಪೆನಿಯ ಕೈಸೇರಿತು.

ಆದಕಾರಣ ವಾಚಕರು ಹೆಸರಿಗಿಂತ ಮೊದಲು ವಿಚಾರಿಸತಕ್ಕವು ಇವು: ದುರಸ್ತಿಯ ಕೇಂದ್ರವು ಸಮೀಪದಲ್ಲಿರುವುದೇ? ವಾರಂಟಿ ಎಷ್ಟು ವರ್ಷದ್ದು, ರಿಪೇರಿಯವನು ಮನೆಗೇ ಬರುವನೇ? ಪವರ್ ಸಪ್ಲೈ ಕೆಟ್ಟಲ್ಲಿ ಪೇಟೆಯಲ್ಲಿ ದೊರೆಯುವ ಸಾಮಾನ್ಯವಾದುದು ಹೊಂದುವುದೇ, ಆ ಕಂಪೆನಿಯದೇ ಆಗಬೇಕೇ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ ಹೆಸರು ಯಾವುದಾದರೂ ಸರಿಯೇ. ಯುಪಿಎಸ್ ಒಂದನ್ನು ಜೊತೆಯಲ್ಲಿಯೇ ಕೊಳ್ಳತಕ್ಕದ್ದು. ಬರೆದುದರ ಇನ್ನೊಂದು ಪ್ರತಿಯನ್ನು ವಾರಕ್ಕೊಮ್ಮೆ ಬೇರೊಂದು ಡಿಸ್ಕಿನಲ್ಲಿ ತೆಗೆದಿಡತಕ್ಕದ್ದು. ಕೆಟ್ಟ ಯಂತ್ರಕ್ಕೆ ಬದಲು ಇನ್ನೊಂದನ್ನು ಅಂಗಡಿಯಿಂದ ತರಬಹುದು. ಮಗುವಿನ ಬರಹವನ್ನು ತರಲಾಗದು.