ಇಂಜಿನ್ನಿನ ಕಾಲು ಸೀಳಿದರೆ ಗುಜರಿಗೇ ಹಾಕಬೇಕೆ?

ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ನಿನ ಕಾಲು ಸೀಳಿತೆಂದರೆ ನಮ್ಮ ಜತ್ತ, ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ಒಡೆದ ಬೀಡು ಕೂಡಂಗಿಲ್ಲ, ಗುಜರಿಗೆ ಹಾಕ್ರಿ" ಎಂಬುದು ಒಂದು. "ಎರಡು ರಾಡು ಹೊಡಸ್ರಿ, ಸುಗ್ಗಿತನಕ ನಡೀತದ" ಎಂಬುದು ಇನ್ನೊಂದು. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಸರಿಯಲ್ಲ ಎಂದು ಹೇಳಬಲ್ಲ ವಿಜ್ಞಾನ ನಮ್ಮ ಕನ್ನಡ ಶಾಲೆಯ ಮಕ್ಕಳ ಚೀಲದಲ್ಲೇ ಇದೆ. ಅದನ್ನು ನಾವು ಹೊರಗೆ ತೆಗೆಯುತ್ತಿಲ್ಲ ಎಂಬುದೇ ನನ್ನ ತಕರಾರು.

ಕಾಲು ಅಂದರೆ ಬ್ಲಾಕಿನ ತಳದಲ್ಲಿ ಫೌಂಡೇಶನ್ ಬೋಲ್ಟು ಕೂರುವ ಭಾಗ. ಅದು ಎರಕದ ಕಬ್ಬಿಣ. ಕನ್ನಡದಲ್ಲೂ ಮರಾಠಿಯಲ್ಲೂ ವರ್ಕ್‌ಶಾಪಿನ ಮಾತಿನಲ್ಲಿ ಬೀಡು. ಸಾಮಾನ್ಯ ಮೆತು ಉಕ್ಕಿನಲ್ಲಿ ಇಂಗಾಲ ಶೇಕಡಾ 0.25ರೊಳಗೆ, ಬೀಡಿನಲ್ಲಿ ಸುಮಾರು 2.5ರಿಂದ 4. ಈ ಇಂಗಾಲದ ಬಹುಪಾಲು ಗ್ರಾಫೈಟ್ ಹಾಳೆಗಳಾಗಿ ಲೋಹದೊಳಗೆ ಹರಡಿರುತ್ತದೆ. ಅದರಿಂದಲೇ ಬೀಡು ನಡುಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಒತ್ತಡವನ್ನೂ ತಾಳುತ್ತದೆ. ಆದರೆ ಎಳೆದರೆ ಆ ಶಕ್ತಿ ಮೂರು-ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೆತು ಉಕ್ಕು ತುಂಡಾಗುವ ಮುಂಚೆ ಶೇಕಡಾ 20ಕ್ಕೂ ಹೆಚ್ಚು ಹಿಗ್ಗೀತು. ಬೀಡು ಶೇಕಡಾ ಒಂದರಷ್ಟೂ ಹಿಗ್ಗುವುದಿಲ್ಲ.

ಹಾಗಾದರೆ ಕಾಲು ಸೀಳುವುದೇಕೆ? ಬಹಳ ಸಲ ತಪ್ಪು ಇಂಜಿನ್ನಿನದಲ್ಲ, ಕಟ್ಟೆಯದು. ನಾಲ್ಕು ಕಾಲಲ್ಲಿ ಒಂದು ಕಟ್ಟೆಯಿಂದ ಕೂದಲೆಳೆಯಷ್ಟು ಮೇಲಿದ್ದರೂ ಸಾಕು. ಬೋಲ್ಟು ಬಿಗಿದಾಗ ಆ ಕಾಲು ಬಾಗಬೇಕಾಗುತ್ತದೆ, ಬೀಡು ಬಾಗುವ ಜಾತಿಯಲ್ಲ. ಒಂದು ನಟ್ಟು ಸಡಿಲಾಗಿದ್ದರೆ ಅದರ ಪಾಲಿನ ಹೊಡೆತವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ.

ಇನ್ನು "ಎರಡು ರಾಡು" ಹೊಡೆಸಿದರೆ ಆಗುವುದೇನು? ಬೆಸುಗೆಯ ಜಾಗ ಕೆಂಪಗೆ ಕಾದಿರುತ್ತದೆ, ಸುತ್ತಲಿನ ದಪ್ಪ ಬ್ಲಾಕು ತಣ್ಣಗಿರುತ್ತದೆ. ಆ ತಣ್ಣನೆಯ ಲೋಹ ಶಾಖವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಬೇಗ ತಣಿದ ಕಡೆ ಇಂಗಾಲಕ್ಕೆ ಗ್ರಾಫೈಟ್ ಆಗಲು ಸಮಯವೇ ಸಿಗದೆ, ಗಾಜಿನಂಥ ಗಡಸು ಪದರ ಹುಟ್ಟುತ್ತದೆ. ಬೆಸುಗೆ ತಣಿದು ಕುಗ್ಗುವಾಗ ಆ ಪದರವನ್ನು ಎಳೆಯುತ್ತದೆ. ಟಣ್ ಎಂಬ ಸದ್ದು, ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು! ಆಮೇಲೆ "ಬೀಡು ಕೂಡಂಗಿಲ್ಲ" ಎನ್ನುತ್ತೇವೆ. ಕೂಡದಿರುವುದು ಬೀಡಲ್ಲ, ಆ ಅವಸರ.

ಸರಿಯಾದ ದಾರಿಗೆ ತಾಳ್ಮೆ ಬೇಕು. ಮೊದಲು ಸೀಳು ಎಲ್ಲಿಯವರೆಗೆ ಹೋಗಿದೆ ನೋಡಬೇಕು. ಜಾಗ ಸ್ವಚ್ಛ ಮಾಡಿ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರೆ ಸೀಳಿನೊಳಗಿನ ಎಣ್ಣೆ ಹೊರಬಂದು ಗೆರೆ ಕಾಣುತ್ತದೆ. ಎರಡೂ ತುದಿಗೆ ಸುಮಾರು 3 ಮಿ.ಮೀ. ತೂತು ಕೊರೆದರೆ ಸೀಳು ಮುಂದೆ ಓಡುವುದಿಲ್ಲ. ಗ್ರೈಂಡರಿನಿಂದ ಸೀಳಿನುದ್ದಕ್ಕೂ ವಿ ಆಕಾರದ ಗಾಡಿ ತೆಗೆದು, ಮೆಲ್ಲಗೆ ಕಾಯಿಸಿ ಒಳಗೆ ಇಂಗಿದ ಎಣ್ಣೆ ಸುಡಬೇಕು. ಬಳಸಬೇಕಾದದ್ದು ನಿಕಲ್ ರಾಡು. ಸಾಮಾನ್ಯ ರಾಡಿಗಿಂತ ಹಲವು ಪಟ್ಟು ದುಬಾರಿ, ನಿಜ. ಆದರೆ ನಿಕಲ್ ಮೆತ್ತಗಿರುತ್ತದೆ, ಕುಗ್ಗುವ ಎಳೆತವನ್ನು ತಾನೇ ನುಂಗುತ್ತದೆ. ಒಮ್ಮೆಗೆ ಒಂದು ಇಂಚು ಬೆಸುಗೆ ಮಾತ್ರ. ಬಿಸಿ ಇರುವಾಗಲೇ ಗುಂಡು ಮೂತಿಯ ಸುತ್ತಿಗೆಯಿಂದ ಹಗುರವಾಗಿ ಬಡಿಯಬೇಕು. ಕೈ ಇಡುವಷ್ಟು ತಣಿದ ಮೇಲೆ ಮುಂದಿನ ಇಂಚು, ಅದೂ ಬೇರೆ ತುದಿಯಲ್ಲಿ. ಅರ್ಥಿಂಗ್ ಕ್ಲ್ಯಾಂಪು ಆ ಕಾಲಿಗೇ ಹಾಕಬೇಕು, ಕರೆಂಟು ಬೇರಿಂಗಿನೊಳಗೆ ಹಾಯಬಾರದು. ಕೊನೆಗೆ ಒಣ ಬೂದಿ ಅಥವಾ ಸುಣ್ಣದ ಪುಡಿ ಮುಚ್ಚಿದರೆ ನಿಧಾನ ತಣಿಯುತ್ತದೆ. ಮೇಲಿಂದ ಉಕ್ಕಿನ ಪಟ್ಟಿಯೊಂದನ್ನು ಬೋಲ್ಟು ಹಾಕಿ ಕೂರಿಸಿದರೆ ಭಾರ ಹಂಚಿಹೋಗುತ್ತದೆ.

ಎಲ್ಲ ಸೀಳಿಗೂ ಇದು ಮದ್ದಲ್ಲ. ಸೀಳು ನೀರಿನ ಜಾಕೆಟ್ಟಿಗೋ ಬೇರಿಂಗಿನ ಮನೆಗೋ ಹೋಗಿದ್ದರೆ ಬ್ಲಾಕು ಬದಲಿಸುವುದೇ ಲೇಸು. ಕಟ್ಟೆಯ ಮಟ್ಟ ಸರಿಪಡಿಸದೆ ಅದೇ ಜಾಗದಲ್ಲಿ ಕೂರಿಸಿದರೆ ಎಂಥ ಬೆಸುಗೆಯೂ ಉಳಿಯದು.

ಈಗ ಶಾಲೆಯ ಮಾತು. ಪುಣೆಯ ಬಾಲಭಾರತಿ ನಮಗೆ ವಿಜ್ಞಾನವನ್ನು ಕನ್ನಡದಲ್ಲೇ ಅಚ್ಚು ಹಾಕಿ ಕೊಡುತ್ತದೆ. ಕಾದರೆ ಹಿಗ್ಗುವುದು, ತಣಿದರೆ ಕುಗ್ಗುವುದು, ಉಷ್ಣವಹನ, ಮಿಶ್ರಲೋಹ ಇವೆಲ್ಲ ಪಾಠಗಳೇ. ಪರೀಕ್ಷೆಯಲ್ಲಿ ಎರಡು ಅಂಕ ಕೊಟ್ಟು ಅವು ಅಲ್ಲೇ ಸಾಯುತ್ತವೆ. ಮುಂದೆ ಐಟಿಐ ಸೇರಿದ ಹುಡುಗ ಇವನ್ನೇ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿ, ಹೊಸ ವಿದ್ಯೆ ಎಂದು ಹೆದರುತ್ತಾನೆ. ಪಾಲಕರು "ಕನ್ನಡ ಶಾಲೆಯಿಂದೇನು ಉಪಯೋಗ ಸರ್?" ಎನ್ನುತ್ತಾರೆ. ಅವರ ಪ್ರಶ್ನೆಗೆ ಭಾಷಾಭಿಮಾನದ ಭಾಷಣ ಉತ್ತರವಲ್ಲ. ತಮ್ಮದೇ ಹೊಲದ ಇಂಜಿನ್ನು ಯಾಕೆ ಸೀಳಿತೆಂದು ಒಂಬತ್ತನೇ ತರಗತಿಯ ಮಗಳು ಮನೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅದು ಉತ್ತರ.

ಈ ವಿದ್ಯೆಗೆ ಗಡಿಯೂ ಇಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಾರ್ಖಾನೆ ಎಬ್ಬಿಸಿದ್ದು ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ.

ಶಿಕ್ಷಕ ಮಿತ್ರರೇ, ದೊಡ್ಡ ಯೋಜನೆ ಬೇಡ. ಊರಿನ ವೆಲ್ಡಿಂಗ್ ಅಂಗಡಿಯ ಅಣ್ಣನನ್ನು ಒಂದು ಪೀರಿಯಡ್ಡಿಗೆ ಶಾಲೆಗೆ ಕರೆಯಿರಿ. ಒಡೆದ ಬೀಡಿನ ತುಂಡೊಂದು ತರಲು ಹೇಳಿ. ಸೀಮೆಸುಣ್ಣ ಹೇಗೂ ನಮ್ಮಲ್ಲೇ ಇದೆ. ನೀವೇನಂತೀರಿ?