ಚೀಲದ ಜೊತೆ ಕಾಲು ಶತಮಾನ

2001ರ ಜನವರಿ 26ರ ಕಛ್ ಭೂಕಂಪದಲ್ಲಿ ಭುಜ್‌ನ ಸಿವಿಲ್ ಆಸ್ಪತ್ರೆಯೇ ಕುಸಿದುಬಿತ್ತು. ಬೆನ್ನುಹುರಿಗೆ ಪೆಟ್ಟಾದ ಅನೇಕರು ಅಹಮದಾಬಾದ್ ಸೇರಿದರು. ಅಂಥ ಪೆಟ್ಟು ಕಾಲಿನ ಬಲದ ಜೊತೆ ಮೂತ್ರದ ಹಿಡಿತವನ್ನೂ ಕಿತ್ತುಕೊಳ್ಳುತ್ತದೆ. ಕಾಲಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮೂತ್ರ ಹೊರಬಿಡಲು ಮೂತ್ರಕೋಶಕ್ಕೆ ತೂರಿಸುವ ನಳಿಕೆಯ, ಅಂದರೆ ಕ್ಯಾತಿಟರಿನ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ.

ಮೂತ್ರರೋಗದ ಪರಿಣತಿಗೆ ಗುಜರಾತಿನಲ್ಲಿ ಬರವಿಲ್ಲ. ಅಹಮದಾಬಾದಿನಲ್ಲಿ ಕಿಡ್ನಿ ಸಂಸ್ಥೆಯಿದೆ, ವಡೋದರದಲ್ಲಿ ಸಯಾಜಿ ಆಸ್ಪತ್ರೆ, ಸೂರತ್‌ನಲ್ಲಿ ನ್ಯೂ ಸಿವಿಲ್. ಅಹಮದಾಬಾದ್–ವಡೋದರ ದಾರಿಯ ನಡಿಯಾದ್‌ನಲ್ಲಿ 1978ರಿಂದ ಮುಲ್ಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆ ನಡೆಯುತ್ತಿದೆ. ಕೊರತೆ ಶುರುವಾಗುವುದು ರೋಗಿ ಮನೆಗೆ ಹೊರಟ ಮೇಲೆ.

ಮಂಚದ ಕೆಳಗಿನ ತೆರೆದ ಬಾಟಲಿಗೆ ನಳಿಕೆ ಇಳಿಬಿಡುತ್ತಿದ್ದ ಕಾಲದಲ್ಲಿ ನಾಲ್ಕೇ ದಿನಕ್ಕೆ ಸೋಂಕು ಏರುತ್ತಿತ್ತು. 1960ರ ದಶಕದಲ್ಲಿ ಬೇರೂರಿದ ಮುಚ್ಚಿದ ಚೀಲ ಅದನ್ನು ಮುಂದೂಡಿತು, ತಪ್ಪಿಸಲಿಲ್ಲ. ಒಂದು ತಿಂಗಳು ಕ್ಯಾತಿಟರ್ ಒಳಗಿದ್ದರೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಬಿಚ್ಚಿದಾಗಲೆಲ್ಲ ಸೋಂಕಿಗೆ ದಾರಿಯಾಗುವುದರಿಂದ ಚೀಲವನ್ನು ಪದೇಪದೇ ಬಿಚ್ಚಿ ಜೋಡಿಸುವುದು ತಪ್ಪು. ಹಗಲಿಗೆ ತೊಡೆಗೆ ಕಟ್ಟುವ ಸಣ್ಣ ಚೀಲ ಹಾಕಿ, ರಾತ್ರಿ ಅದರ ಕೆಳತುದಿಗೇ ಎರಡು ಲೀಟರಿನದನ್ನು ಸೇರಿಸಿದರೆ ಮೇಲಿನ ಕೊಂಡಿಯನ್ನು ಮುಟ್ಟಬೇಕಿಲ್ಲ. ಬಟ್ಟೆಯೊಳಗೆ ಅಡಗುವ ಆ ಸಣ್ಣ ಚೀಲವಿದ್ದರೆ ಮದುವೆಮನೆಗೂ ಹೋಗಿಬರಬಹುದು.

ಚೀಲದ ಬದಲು ನಳಿಕೆಯ ತುದಿಗೆ ಹಾಕುವ ವಾಲ್ವ್ ಇನ್ನೊಂದು ದಾರಿ. ಮೂತ್ರಕೋಶ ತುಂಬುತ್ತದೆ, ಮೂರು ನಾಲ್ಕು ಗಂಟೆಗೊಮ್ಮೆ ತಿರುಪಿ ಬಿಟ್ಟರಾಯಿತು. ಆದರೆ ಬೆರಳಲ್ಲಿ ಶಕ್ತಿ, ತಲೆಯಲ್ಲಿ ನೆನಪು ಬೇಕು. ಮೂತ್ರ ಕಿಡ್ನಿಯತ್ತ ಹಿಮ್ಮುಖವಾಗಿ ಹರಿಯುವವರಿಗೆ ಇದು ಅಪಾಯ. ಕೈ ಚೆನ್ನಾಗಿರುವವರಿಗೆ ನನ್ನ ಮೊದಲ ಮತ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಜಗತ್ತಿನ ಮುಂದಿಟ್ಟ ವಿಧಾನಕ್ಕೆ: ಶುಚಿಯಾದ ಕೈಯಿಂದ ತಾನೇ ನಳಿಕೆ ತೂರಿಸಿ, ಖಾಲಿಮಾಡಿ, ತೆಗೆದುಬಿಡುವುದು. ಐವತ್ತು ವರ್ಷ ದಾಟಿದರೂ ಅದನ್ನು ಕೂತು ಕಲಿಸುವವರು ಕಡಿಮೆ. ಇದು ನನ್ನನ್ನು ನೋಯಿಸುತ್ತದೆ.

ಮನೆಯ ಕಷ್ಟಗಳೂ ಲೆಕ್ಕಕ್ಕೆ ಬರಬೇಕು. ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲ ಮುಟ್ಟಬಾರದು. ಸೂರತ್‌ನ ಮಗ್ಗದ ಕಾರ್ಮಿಕ ತನ್ನ ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದರೆ ಅದನ್ನು ಎಲ್ಲಿ ತೂಗುಹಾಕುತ್ತಾನೆ? ಅವನಿಗೆ ಔಷಧಿಗಿಂತ ಮೊದಲು ಮಂಚ ಬೇಕು. ಇನ್ನು ಸೆಕೆ. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ, ಚೀಲ ಬೇಗ ತುಂಬೀತೆಂಬ ಸಂಕೋಚಕ್ಕೆ ನೀರು ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ, ನಳಿಕೆಯಲ್ಲಿ ಸುಣ್ಣದಂಥ ಪದರ ಕಟ್ಟಿ, ಹರಿವೇ ನಿಂತುಹೋಗಬಹುದು.

ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯ ಹಿರಿಯರು ಕ್ಯಾತಿಟರಿನೊಂದಿಗೆ ಡಿಸ್ಚಾರ್ಜ್ ಆಗುವ ದಿನ ಬಿಲ್ಲು ಕಟ್ಟಿ ಹೊರಟುಬಿಡಬೇಡಿ. "ಇವರಿಗೆ ತೊಡೆಚೀಲ ಆಗುತ್ತದೆಯೇ, ವಾಲ್ವ್ ಆಗುತ್ತದೆಯೇ, ನಾವೇ ಹಾಕಿ ತೆಗೆಯುವುದನ್ನು ಕಲಿಸುತ್ತೀರಾ, ನಳಿಕೆ ಬದಲಿಸಲು ಯಾವ ತಾರೀಖಿಗೆ ಬರಬೇಕು" ಎಂದು ಡಾಕ್ಟರನ್ನೂ ನರ್ಸನ್ನೂ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.